ಎಡಗಣ್ಣು

ಇನ್ನೂರೈವತ್ತು ರೂಪಾಯಿ ಟಿಕೆಟ್ಟು,
ಮೇಲೆ ಕನ್ನಡಕಕ್ಕೆ ಮೂವತ್ತು.
ಆರು ತಿಂಗಳಿಂದ ಶಿವಮೊಗ್ಗದ ತುಂಬ ಅದೇ ಮಾತು:
ಸರ್ಕಲ್ಲಿನಲ್ಲಿ ಉಗುರು, ಆಟೋದ ಬೆನ್ನಲ್ಲಿ ಹಲ್ಲು,
ದುರ್ಗಿಗುಡಿಯ ಅಂಗಡಿಯಲ್ಲಿ
ರಕ್ಕಸನ ಹೆಸರಿನದೊಂದು ಹಸಿರು ಕುಲ್ಫಿ.
‘ಮಡುರಕ್ಕಸ’ ಮತ್ತೆ ಬರುತ್ತಾನಂತೆ,
ನಾನೂರು ಕೋಟಿಯಂತೆ,
ಮೈಮೇಲಿನ ಹುರುಪೆ ಒಂದೊಂದೂ ಬೇರೆ ಬೇರೆ ಅಲುಗುತ್ತದಂತೆ.

ಅಲುಗಿತು. ಸುಳ್ಳು ಹೇಳಬಾರದು.
ಹುರುಪೆಯ ಮೇಲಿನ ನೀರೂ ಅಲುಗಿತು,
ನೀರಿನೊಳಗೆ ಬಿದ್ದ ಚಂದ್ರನೂ.
ಕುರ್ಚಿ ಗುಡುಗಿತು, ಪಕ್ಕದ ಹುಡುಗನ ಪಾಪ್‌ಕಾರ್ನು
ನನ್ನ ಪಂಚೆಯ ಮೇಲೆ ಚೆಲ್ಲಿತು.
ಹೆದರಿಕೆ ಮಾತ್ರ
ಬರುತ್ತೇನೆಂದು ಹೇಳಿ ಬಾರದ ನೆಂಟನ ಹಾಗೆ.
ಬಾಗಿಲ ಕಡೆಯೇ ನೋಡುತ್ತ ಕೂತೆ.

ನಾನು ಹೋದದ್ದು ಹೆದರಲಿಕ್ಕೂ ಅಲ್ಲ, ನಿಜ ಹೇಳಬೇಕೆಂದರೆ.
ಒಂದು ಕಣ್ಣು ನೋಡಲಿಕ್ಕೆ ಹೋಗಿದ್ದೆ.

ಆಗ ನನಗೆ ಹದಿನಾಲ್ಕು. ಬಸ್‌ಸ್ಟ್ಯಾಂಡ್ ಹಿಂದೆ
ಮಾಳೋದೆ ಮೇಸ್ತ್ರಿಯ ಕುಶನ್ ಅಂಗಡಿ.
ಗಾಜನೂರಿನ ಹತ್ತಿರ ಸಿನಿಮಾದವರು ಬಂದಿಳಿದು
ರಕ್ಕಸನ ಚರ್ಮ ಬೇಕು, ನಾಲ್ಕು ದಿನದಲ್ಲಿ, ಎಂದರು.
ಹನ್ನೊಂದು ಬಸ್ಸಿನ ಹಳೆ ಸೀಟಿನ ರೆಕ್ಸಿನ್ನು,
ಒಳಗೆ ತೆಂಗಿನ ನಾರು, ಬೆನ್ನಿಗೆ ಲಾರಿ ಟಯರು.
ಒಂದು ತೊಡೆಯ ಮೇಲೆ ‘ಮಹಿಳೆಯರಿಗೆ’ ಅಂತ ಬರೆದದ್ದು
ಎಷ್ಟು ಬಣ್ಣ ಬಳಿದರೂ ಕಾಣುತ್ತಿತ್ತು.

ಕಣ್ಣು ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು,
ಒಂದೊಂದು ಕಣ್ಣಿಗೆ ಒಂದೊಂದು ಹೆಡ್‌ಲೈಟ್ ಗಾಜು.
ರಾತ್ರಿ ಎರಡು ಗಂಟೆ, ಪೆಟ್ರೋಮ್ಯಾಕ್ಸು, ನಿದ್ದೆ.
ಎಡಗಣ್ಣು ಎರಡು ಬೆರಳು ಕೆಳಗೆ ಕೂತಿತು, ಓರೆಯಾಗಿ.
ಬೆಳಗ್ಗೆ ಮೇಸ್ತ್ರಿ ನೋಡಿದ.
ಆ ಏಟು ಈ ಕಿವಿಯಲ್ಲಿ ಇವತ್ತಿಗೂ ಗುಂಯ್‌ಗುಡುತ್ತದೆ,
ಮಾಲಿನ ಡಾಲ್ಬಿಗಿಂತ ಸ್ಪಷ್ಟ.
ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ. ಜೀಪು ಬಂದು ನಿಂತಿತ್ತು.

ಹೊಳೆಹೊನ್ನೂರಿನ ಪೈಲ್ವಾನ್ ದುರ್ಗೋಜಿ
ಆ ಚರ್ಮದೊಳಗೆ ಇಳಿದು ತುಂಗೆಯಲ್ಲಿ ಮುಳುಗಿ ಎದ್ದ.
ಬಾಲ ನೀರು ಕುಡಿದು ಭಾರವಾಗಿ
ಮೂರು ಜನ ಹಗ್ಗ ಹಿಡಿದು ಎಳೆದರು;
ಹಗ್ಗವೂ ಸಿನಿಮಾದಲ್ಲಿ ಬಂತು.
ಶಾಟ್ ಮುಗಿದ ಮೇಲೆ ರಕ್ಕಸನ ಬಾಯಿಂದ ಕೈ ಹೊರಚಾಚಿ
ಬೀಡಿ ಕೇಳುತ್ತಿದ್ದ.

ಇಂಥ ರಕ್ಕಸ
ಪರದೆಯ ಮೇಲೆ ತಲೆ ಎತ್ತಿದ ದಿನ
ಜನ ನಗುತ್ತಾರೆಂದು ನಾನು ಮೊಣಕಾಲಿಗೆ ಮುಖ ಹುದುಗಿಸಿದ್ದೆ.
ನಗು ಬರಲಿಲ್ಲ.
ಬಲಗಣ್ಣು ನಾಯಕಿಯನ್ನು ನೋಡುತ್ತಿತ್ತು,
ಎಡಗಣ್ಣು ಪರದೆ ದಾಟಿ
ಮುಂದಿನ ಬೆಂಚಿನ ನಮ್ಮನ್ನು,
ಎಪ್ಪತ್ತೈದು ಪೈಸೆಯವರನ್ನು, ಒಬ್ಬೊಬ್ಬರನ್ನಾಗಿ.
ಒಬ್ಬ ಹೆಂಗಸು ಎದ್ದು ಜಾಗ ಬದಲಿಸಿದಳು. ಅಲ್ಲಿಗೂ ನೋಡಿತು.
ಮೂರು ವಾರ ಹೊಳೆಗೆ ಬಟ್ಟೆ ಒಗೆಯಲು
ಯಾರೂ ಒಬ್ಬರೇ ಹೋಗಲಿಲ್ಲ.
ತಪ್ಪು ನನ್ನದೆಂದು ನಾನು ಬಾಯಿ ಬಿಡಲಿಲ್ಲ.
ಮದುವೆಯಾದ ಮೇಲೆ ಒಬ್ಬಳಿಗೆ ಹೇಳಿದೆ, ಅವಳು ನಂಬಲಿಲ್ಲ.

ಈಗ ಸರಿಮಾಡಿದ್ದಾರೆ.
ಎರಡೂ ಕಣ್ಣು ರಸಮಟ್ಟ ಇಟ್ಟು ಕೂರಿಸಿದ ಹಾಗೆ.
ಪಾಪೆ ಹಿಗ್ಗುತ್ತದೆ, ಕುಗ್ಗುತ್ತದೆ,
ಕೊನೆಗೆ ಒಂದು ಹನಿ ನೀರೂ ಹಾಕುತ್ತದೆ.
ರಕ್ಕಸನಿಗೆ ಬಾಲ್ಯದಲ್ಲೇ ತಾಯಿ ಸತ್ತಿದ್ದಳಂತೆ.
ಎರಡೂ ಮುಕ್ಕಾಲು ಗಂಟೆ
ಅದು ನಾಯಕನನ್ನು ನೋಡಿತು, ಹೆಲಿಕಾಪ್ಟರನ್ನು ನೋಡಿತು,
ಮುಂದಿನ ವರ್ಷ ಬರಲಿರುವ ಎರಡನೇ ಭಾಗವನ್ನು ನೋಡಿತು.
ನಮ್ಮ ಕಡೆ ಒಮ್ಮೆಯೂ ಇಲ್ಲ.
ಅಲ್ಲಯ್ಯ, ದುಡ್ಡು ಕೊಟ್ಟು ಬಂದವನನ್ನು
ತಿನ್ನದಿದ್ದರೆ ಬೇಡ, ಮುಖವಾದರೂ ನೋಡಬಾರದೆ?

ಹೊರಗೆ ಬಂದರೆ ಪಾರ್ಕಿಂಗ್ ಗೋಡೆಗೆ
ಎರಡು ತುಂಡು ಫ್ಲೆಕ್ಸು, ನಡುವೆ ಜೋಡಿಸಿ ಹೊಡೆದದ್ದು.
ಯಾವ ಹುಡುಗನೋ, ಯಾವ ಹೊತ್ತಿನಲ್ಲೋ,
ಒಂದು ತುಂಡನ್ನು ನಾಲ್ಕು ಬೆರಳು ಕೆಳಗಿಳಿಸಿಬಿಟ್ಟಿದ್ದಾನೆ.
ಎಡಗಣ್ಣು ಜಾರಿದೆ.
ಬೈಕು ತೆಗೆಯುವವರ ಗದ್ದಲದ ನಡುವೆ
ಅದು ನನ್ನನ್ನೇ ಹುಡುಕಿ ತೆಗೆಯಿತು.
ಕನ್ನಡಕ ವಾಪಸು ಕೊಡುವುದು ಮರೆತಿದ್ದೆ; ಕಳಚಿ ನೋಡಿದೆ.
ತೋಳಿನ ಕೂದಲು ನಿಂತಿತ್ತು.
ಆಚೆ ಏಣಿ ಹೊತ್ತು ಹೋಗುತ್ತಿದ್ದವನನ್ನು
ಕರೆದು ಕೇಳಬೇಕೆನಿಸಿತು:
ಏಟು ಬಿತ್ತೇನಪ್ಪ? ಯಾವ ಕಿವಿಗೆ?