ತಾಯಿಚಿಟ್ಟೆ ಪರೀಕ್ಷೆ

ಶಿಡ್ಲಘಟ್ಟದ ರೇಷ್ಮೆಮೊಟ್ಟೆ ಕೇಂದ್ರದಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನದು ಒಂದೇ ಕೆಲಸ:
ಮೊಟ್ಟೆಯಿಟ್ಟು ಸುಸ್ತಾದ ಚಿಟ್ಟೆಯನ್ನು
ಪುಟ್ಟ ಒರಳಲ್ಲಿ ಅರೆದು, ಒಂದು ಹನಿ ಗಾಜಿಗೆ ಹಚ್ಚಿ
ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವುದು.
ಗಂಟುರೋಗದ ಬೀಜ ಅಕ್ಕಿಕಾಳಿನ ಹಾಗೆ,
ಹೊಳೆಯುತ್ತದೆ. ಒಂದು ಕಂಡರೂ ಸಾಕು,
ಆ ತಾಯಿ ಇಟ್ಟ ನಾನೂರು ಮೊಟ್ಟೆಯೂ ಬೆಂಕಿಗೆ.

ಎಡಗಡೆಯದನ್ನು ತೆಗೆದು ಏಳು ವರ್ಷ.
ರವಿಕೆಯೊಳಗೆ ಹಳೇ ಪಂಚೆಯ ಚೀಲ,
ರಾಗಿ ತುಂಬಿ ನಾನೇ ಹೊಲಿದದ್ದು,
ತೂಕ ಸರಿಯಿರಲೆಂದು.
ಬಲಗಡೆಯದನ್ನು ವರ್ಷಕ್ಕೊಮ್ಮೆ ತೋರಿಸಬೇಕು.
ಐದು ವರ್ಷ ತೋರಿಸಿದೆ.
ಆಮೇಲೆ ಎರಡು ವರ್ಷ ಇಲ್ಲ.

ಯಾಕೆ ಅಂದರೆ ಏನು ಹೇಳಲಿ.
ಮೊದಲ ಸಲ ಮಗಳ ಬಾಣಂತನ.
ಎರಡನೇ ಸಲ ಏನೂ ಇರಲಿಲ್ಲ.
ಚೆನ್ನಾಗೇ ಇದ್ದೀಯಲ್ಲ, ಅಂದರು ನಮ್ಮೆಜಮಾನರು
ಮುದ್ದೆ ಮುರಿಯುತ್ತ.
ನನಗೂ ಅದೇ ಬೇಕಿತ್ತು, ಯಾರಾದರೂ ಅನ್ನಲಿ ಅಂತ.
ಫೈಲು ಅಕ್ಕಿ ಡಬ್ಬದ ಹಿಂದೆ ಹೋಯಿತು.
ನೋಡಿದರೆ ಇರುತ್ತೆ, ನೋಡದಿದ್ದರೆ ಇರಲ್ಲ
ಅನ್ನೋ ಲೆಕ್ಕದಲ್ಲಿ
ಅಕ್ಕಿ ತೆಗೆಯುವ ಕೆಲಸವನ್ನೂ ಸೊಸೆಗೆ ಬಿಟ್ಟೆ.

ಹಾಗಂತ ಮೇಜಿನ ಮುಂದೆ ಒಂದೇ ಒಂದು ಚಿಟ್ಟೆ ಬಿಟ್ಟವಳಲ್ಲ.

ಆಷಾಢದಲ್ಲಿ ಹೊಸ ಹುಡುಗಿ ಬಂದಳು, ಗಂಗರತ್ನ,
ಚೇಳೂರು ಕಡೆಯವಳು, ರೆಕ್ಕೆಯ ಧೂಳಿಗೆ ಸೀನುತ್ತ
ಕೇಳಿದಳು: ಅಕ್ಕಾ, ಈ ಲಾಟು ಪೂರ್ತಿ ಶುದ್ಧ,
ಹೋದ ಸಲದ್ದೂ ಶುದ್ಧ, ಅದರ ಹಿಂದಿನದೂ.
ಇದೊಂದು ಬಿಟ್ಟರೆ ಏನಾಗುತ್ತೆ?
ಬೈದೆ. ಸರಿಯಾಗಿ ಬೈದೆ.
ನಂಬಿ ಒಯ್ದವರು ತಿಂಗಳೆಲ್ಲ ಸೊಪ್ಪು ಹಾಕ್ತಾರೆ,
ಹಣ್ಣಾಗೋ ಹೊತ್ತಿಗೆ ಹುಳಕ್ಕೆ ಕಪ್ಪು ಚುಕ್ಕಿ ಬೀಳುತ್ತೆ,
ಆಗ ಬಂದು ನಿನ್ನ ಮುಖ ನೋಡ್ತಾರೆ, ಏನು ಹೇಳ್ತೀಯ
ಅಂತ ನಾನು ಜೋರು ಮಾಡುವಾಗ
ಪಕ್ಕದ ಮೇಜಿನ ಶಾಹೀದಾ ತಲೆಯೆತ್ತಲಿಲ್ಲ.
ಗಾಜು ಸರಿಸುತ್ತ ಮೆಲ್ಲಗೆ ಕೇಳಿದಳು:
ನಿನ್ನ ಕೋಲಾರದ ತಾರೀಖು ಯಾವತ್ತು?

ಉತ್ತರ ಕೊಡಲಿಲ್ಲ. ಸಂಜೆ ನೋಡಿದರೆ
ಸೋಮವಾರದ ನನ್ನ ಸರದಿಗೆ ತನ್ನ ಹೆಸರು ಬರೆದಿದ್ದಳು,
ಹಸಿರು ಇಂಕಿನಲ್ಲಿ.

ಚಿಂತಾಮಣಿಯಲ್ಲಿ ಬಸ್ಸು ಬದಲಿಸುವಾಗ
ವಾಪಸ್ಸು ಹೋಗುವ ಬಸ್ಸೂ ಅಲ್ಲೇ ನಿಂತಿತ್ತು,
ಕಂಡಕ್ಟರು ಬಾಗಿಲು ಬಡಿದು
ಶಿಡ್ಲಘಟ್ಟ ಶಿಡ್ಲಘಟ್ಟ ಅಂತ ಕೂಗುತ್ತಿದ್ದ.
ಕಾಲು ಅತ್ತ ತಿರುಗಿತ್ತು, ಸುಳ್ಳು ಹೇಳಲ್ಲ.
ಹತ್ತು ರೂಪಾಯಿ ಕಡಲೆಕಾಯಿ ತಗೊಂಡೆ,
ಒಂದೊಂದೇ ಬಿಡಿಸಿ ನಿಂತು ತಿಂದೆ.
ಅಷ್ಟರಲ್ಲಿ ಅದು ಹೊರಟುಹೋಯಿತು.

ಆಸ್ಪತ್ರೆಯ ಕಿಟಕಿಯಲ್ಲಿ ಅದೇ ರಿಜಿಸ್ಟರು, ಅದೇ ನರ್ಸು,
ಕನ್ನಡಕ ಮಾತ್ರ ಹೊಸದು.
ಬೈದರೆ ಏನನ್ನಬೇಕು ಅಂತ ಮಾತು ಜೋಡಿಸಿಕೊಂಡಿದ್ದೆ.
ಅವಳು ಪುಟ ತಿರುವಿ, ಮುನಿಲಕ್ಷ್ಮಮ್ಮ
ಅಂತಿರುವ ಸಾಲಿನ ಮೇಲೆ ಬೆರಳಿಟ್ಟಳು.
ಹೋದ ವರ್ಷದ ಮನೆಯಲ್ಲಿ ಪೆನ್ಸಿಲ್ಲಲ್ಲಿ ಸಣ್ಣಗೆ: ಬರಬಹುದು.
ಅದರ ಹಿಂದಿನ ಮನೆಯಲ್ಲೂ: ಬರಬಹುದು.
ಏನೂ ಅನ್ನದೆ ಪೆನ್ನು ತೆಗೆದು
ಇವತ್ತಿನ ತಾರೀಖು ಬರೆದಳು.
ಜೋಡಿಸಿಕೊಂಡ ಮಾತೆಲ್ಲ ಗಂಟಲಲ್ಲೇ ಕರಗಿತು.

ಒಳಗೆ ಯಂತ್ರದ ತಟ್ಟೆ ತಣ್ಣಗಿತ್ತು.
ಮೇಲಿನದು ಇಳಿದು ಒತ್ತಿತು,
ಹನಿಯ ಮೇಲೆ ನಾನು ಗಾಜಿನ ಹಾಳೆ ಒತ್ತುವ ಹಾಗೇ.
ಉಸಿರು ಹಿಡೀರಿ, ಅಂದಿತು ಒಂದು ದನಿ.
ಹಿಡಿದೆ.
ಇದನ್ನ ನೋಡೋಕೆ ಯಾರೋ ಒಬ್ಬರು ಕೂತಿರುತ್ತಾರೆ,
ಅವರಿಗೂ ಕತ್ತು ನೋಯುತ್ತಿರುತ್ತೆ,
ಮಧ್ಯಾಹ್ನದ ಡಬ್ಬಿಯ ಯೋಚನೆ ಬರುತ್ತಿರುತ್ತೆ,
ಹಿಂದಿನ ಐದೂ ಶುದ್ಧ ಅಂತ ಗೊತ್ತಿರುತ್ತೆ.
ಆದರೂ ಬಿಡದೆ ನೋಡಲಿ, ದೇವರೇ.

ವರದಿ ಗುರುವಾರ.

ಮಂಗಳವಾರ ಮೇಜಿಗೆ ಬಂದರೆ
ಶಾಹೀದಾ ನನ್ನ ಪಾಲಿನ ಗಾಜನ್ನೆಲ್ಲ ಒರೆಸಿಟ್ಟಿದ್ದಳು.
ಗಂಗರತ್ನ ಮೂಗಿಗೆ ಬಟ್ಟೆ ಕಟ್ಟಿಕೊಂಡು
ಒರಳಿನ ಮುಂದೆ ಕೂತಿದ್ದಳು.
ಮೊದಲ ಹನಿ ನಾನೇ ಹಚ್ಚಿದೆ.
ಕಣ್ಣಿಡುವ ಮುಂಚೆ ಒಂದು ಗಳಿಗೆ
ಉಸಿರು ಹಿಡಿದಿದ್ದೆ, ಯಾಕೋ.