ಕೂರಿಸುವ ಕೆಲಸ

ಮಂಡಿ ಮೊಹಲ್ಲಾದ ನಮ್ಮ ಕಾರ್ಖಾನೆಯಲ್ಲಿ
ಆಷಾಢದ ತೇವಕ್ಕೆ ಹಲಗೆಗಳ ಮೇಲೆ ಬೂಷ್ಟು ಬರುತ್ತದೆ.
ಸೀಮೆಎಣ್ಣೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು.
ಅದಕ್ಕೇ, ದೊಡ್ಡಾಸ್ಪತ್ರೆಯ ಡಾಕ್ಟರು ಬಾಯಿ ತುಂಬ ಏನೋ ಹೆಸರು ಹೇಳಿ
ಕೊನೆಗೆ, 'ಬೂಷ್ಟು ಕಣ್ರೀ, ಬ್ರೆಡ್ಡಿನ ಮೇಲೆ ಬರುತ್ತಲ್ಲ, ಆ ಜಾತಿಯದು' ಎಂದಾಗ
ನನಗೆ ನಗು ಬಂತು.
ಅರ್ಧ ಮುಖಕ್ಕೆ ಮಾತ್ರ ಬಂತು.
ಇನ್ನರ್ಧ ಆಗಲೇ ಮರಗಟ್ಟಿತ್ತು.
ಮೂವತ್ತೊಂದು ವರ್ಷ ಮರ ಮುಟ್ಟಿದವನಿಗೆ
ಆ ಮಾತಿನ ಅರ್ಥ ಆವತ್ತು ತಿಳಿಯಿತು.

ಕೊರೊನಾ ಬಿಟ್ಟು ಹನ್ನೆರಡು ದಿನವಾಗಿತ್ತು ಅಷ್ಟೆ.
ಗೆದ್ದು ಬಂದೆನೆಂದು ಜೈತೂನ್ ಶಾವಿಗೆ ಪಾಯಸ ಮಾಡಿದ್ದಳು.
ಸ್ಟಿರಾಯ್ಡಿಗೆ ಏರಿದ ಸಕ್ಕರೆ ನಾನೂರ ಹತ್ತು ಇದ್ದದ್ದು
ಇಬ್ಬರಿಗೂ ಗೊತ್ತಿರಲಿಲ್ಲ.
ಎರಡು ಬಟ್ಟಲು ಕುಡಿದೆ.
ಆ ಬಟ್ಟಲನ್ನು ಅವಳು ಎಲ್ಲಿಟ್ಟಿದ್ದಾಳೋ, ಮತ್ತೆ ಹೊರಗೆ ತೆಗೆದಿಲ್ಲ.

ಪಕ್ಕದ ಮಂಚ ಕಿರುಗಾವಲಿನ ಬೋರಲಿಂಗಯ್ಯನದು,
ಆಲೆಮನೆಯಲ್ಲಿ ಪಾಕ ನೋಡುವವನು.
ಕೊಪ್ಪರಿಗೆಯ ಹಬೆಯೊಳಗೆ ಬೆಲ್ಲ ಹದಕ್ಕೆ ಬಂದದ್ದು
ಕಣ್ಣಲ್ಲೇ ಹೇಳುತ್ತಿದ್ದನಂತೆ.
ಈಗ ಎರಡಕ್ಕೂ ಪಟ್ಟಿ.
'ಸಾಬ್ರೇ, ಹೊರ್ಗೆ ಬಿಸ್ಲಾ?' ಎಂದು ರಾತ್ರಿಯಲ್ಲೂ ಕೇಳುತ್ತಿದ್ದ.
ನಾನು ಹ್ಞೂಂ ಅನ್ನುತ್ತಿದ್ದೆ.

ಇಂಜೆಕ್ಷನ್ ಊರಲ್ಲೇ ಇರಲಿಲ್ಲ.
ಮಗಳು ಚೀಟಿ ಹಿಡಿದು ಡಿಸಿ ಆಫೀಸು, ಮೆಡಿಕಲ್ ಸ್ಟೋರು, ಮತ್ತೆ ಡಿಸಿ ಆಫೀಸು.
ಸಿಕ್ಕ ದಿನ ಬಾಟಲಿಗೆ ಕಪ್ಪು ಕಾಗದ ಸುತ್ತಿ ಏರಿಸುತ್ತಿದ್ದರು,
ಮಂಚವೇ ಅಲುಗುವಂಥ ಚಳಿ.
ಸಿಗದ ದಿನ ಚಳಿಯಿಲ್ಲ.
ಚಳಿಯಿಲ್ಲದ ದಿನಗಳಿಗೇ ನಾನು ಹೆದರುತ್ತಿದ್ದದ್ದು.

ಒಂದು ಬೆಳಗಿನ ಜಾವ ಪಕ್ಕದ ಮಂಚದ ಹಾಸು ಬದಲಾಯಿತು.
ಅವನ ಹೆಂಡತಿ ಐಸ್ ಡಬ್ಬಿ ತಂದು ನನ್ನ ತಲೆದೆಸೆಯಲ್ಲಿಟ್ಟಳು:
'ಮೂರ್ ಉಳ್ಕಂಡವೆ, ತಕ್ಕಳಿ.
ಊರ್ಗ್ ತಕ್ಕೊಂಡೋಗಿ ಏನ್ ಮಾಡ್ನಿ?'
ದುಡ್ಡಿನ ಮಾತೆತ್ತಿದೆ. ಸೆರಗು ಕೊಡವಿಕೊಂಡು ಎದ್ದಳು.
ಅವಳ ಹೆಸರನ್ನೂ ಕೇಳಲಿಲ್ಲ ನಾನು.

ಆಪರೇಷನ್ನಿನ ದಿನ ಹುಡುಗ ಡಾಕ್ಟರೊಬ್ಬ
ಬಲಗಣ್ಣಿನ ಮೇಲೆ ನೇರಳೆ ಪೆನ್ನಿನಲ್ಲಿ ಬಾಣ ಬರೆದ.
ಸರಿ ಅನ್ನಿಸಿತು. ನಾವೂ ಗುರುತು ಹಾಕಿಯೇ ಉಳಿ ಇಡುವುದು.
ಬೀಟೆಯಲ್ಲಿ ಗುಳಿ ತೋಡುವಾಗ ಕೂದಲೆಳೆ ಹೆಚ್ಚಾದರೂ
ಆಮೇಲೆ ಕೂರಿಸುವ ಚೂರು ಅಲುಗುತ್ತದೆ.
ಅವರು ಎಷ್ಟು ತೋಡಿದರೋ.
ಕೊಳೆತದ್ದು ಮುಗಿಯುವವರೆಗೆ ಅಂದರು,
ಕೆಂಪು ರಕ್ತ ಕಾಣುವವರೆಗೆ.

ಏಳು ತಿಂಗಳಿಗೆ ಕಣ್ಣು ಬಂತು, ಹತ್ತಿಯಲ್ಲಿ ಸುತ್ತಿ.
ಪ್ಲಾಸ್ಟಿಕ್ಕು.
ದಂತ ನಿಂತ ಮೇಲೆ ನನ್ನ ಆನೆಗಳ ಕಣ್ಣೂ ಅದರದ್ದೇ,
ಎಷ್ಟು ಸಾವಿರ ಕೂರಿಸಿದೆನೋ.
'ಬಿಳಿ ಜಾಸ್ತಿಯಾಯ್ತಮ್ಮ' ಎಂದೆ.
'ಐವತ್ತು ದಾಟಿದ ಕಣ್ಣು ಇಷ್ಟು ಬಿಳಿ ಇರಲ್ಲ.
ಹಲಸಿನ ಮರದ ಹಳದಿ ಒಂದು ಹನಿ ಬೇಕು, ಮೂಲೆಯಲ್ಲೊಂದು ಕೆಂಪೆಳೆ.'
ಆ ಹುಡುಗಿ ಬೇಸರಪಡದೆ ಒಳಗೊಯ್ದು ತಿದ್ದಿ ತಂದಳು.
ಕೂತಿತು.

ಈಗ ಅಂಟಿನ ಕಡ್ಡಿ ಗುಳಿಯ ಆಚೆಗೋ ಈಚೆಗೋ ಬೀಳುತ್ತದೆ,
ಒಂಟಿಗಣ್ಣಿಗೆ ಆಳ ತಿಳಿಯದು.
'ಅಬ್ಬಾ, ಇನ್ನೊಂಚೂರು ಎಡಕ್ಕೆ' ಎನ್ನುತ್ತಾಳೆ ಮಗಳು.

ಮೊನ್ನೆ ಒಂದು ಹಲಗೆ ಮುಗಿಸಿದೆ, ಯಾರೂ ಕೇಳಿದ್ದಲ್ಲ.
ಕೊಪ್ಪರಿಗೆ; ಪಕ್ಕದಲ್ಲಿ ಸೌಟು ಹಿಡಿದು ನಿಂತ ಮನುಷ್ಯ;
ಹಬೆಗೆ ಒಪ್ಪುವ ಮರ ಸಿಗದೆ ಆ ಜಾಗ ಹಾಗೇ ಬಿಟ್ಟೆ.
ಸಾಸಿವೆಯಷ್ಟು ಎರಡು ಕಣ್ಣು.
ಕೂರಿಸಲು ಇಡೀ ದಿನ ಹಿಡಿಯಿತು.

ನಮ್ಮ ಕಸುಬಿನಲ್ಲಿ ಪರೀಕ್ಷೆ ಒಂದೇ.
ಹೆಬ್ಬೆರಳ ಉಗುರನ್ನು ಸಂದಿನ ಮೇಲೆ ಎಳೆಯಬೇಕು, ತಡೆಯಬಾರದು.
ಅವನ ಕಣ್ಣುಗಳ ಮೇಲೆ ಎಳೆದೆ. ತಡೆಯಲಿಲ್ಲ.
ನನ್ನದರ ಅಂಚಿಗೆ ಉಗುರು ತಂದಾಗ
ಜೈತೂನ್ ಚಹಾ ತಂದಳು, ಸಕ್ಕರೆಯಿಲ್ಲದ್ದು.
ಕೈ ಇಳಿಸಿದೆ.