ಇಮರತಿಯ ಹೊಟ್ಟೆನೋವು

ಖಡಕಿಯ ಹಳೇ ಲಾಯದಲ್ಲಿ ಬೆಳಗಿನ ಆರಕ್ಕೆ
ದಫೇದಾರ ಶಿಂತ್ರೆ ಕೇಳುವುದು ಒಂದೇ ಪ್ರಶ್ನೆ:
“ಇವತ್ತು ಮೇಲೋ, ಕೆಳಗೋ?”
ಮೇಲೆ ಅಂದರೆ ಜೀನು.
ಕೆಳಗೆ ಅಂದರೆ ಬಕೆಟ್ಟು, ಮೈಯುಜ್ಜುವ ಖರಾರ,
ಗೊರಸಿನ ಸಂದಿಯ ಮಣ್ಣು.
ಯಾಕೆ ಎಂದು ಕೇಳಿದವನಲ್ಲ.

ನನ್ನ ತಿಂಗಳ ಲೆಕ್ಕ ಹೀಗೆ:
ಹದಿನಾಲ್ಕು ದಿನ ಮೇಲೆ, ಒಂಬತ್ತು ದಿನ ಕೆಳಗೆ,
ಉಳಿದದ್ದು ಹಾಸಿಗೆ. ಬಿಸಿನೀರಿನ ರಬ್ಬರು ಚೀಲ,
ಗದ್ದಕ್ಕೆ ಮೊಣಕಾಲು, ತಲೆಯ ಮೇಲೆ
ಕಿರುಗುಟ್ಟುವ ಫ್ಯಾನು.

ಹೆಸರು ಸಿಗಲಿಕ್ಕೇ ಹದಿನೆಂಟು ವರ್ಷ ಹಿಡಿಯಿತು.
ಅದುವರೆಗೆ ಅವ್ವನ ಬಾಯಲ್ಲಿ,
“ಎಲ್ಲಾರಿಗೂ ಆಗೂದ, ನಿನಗೇನ್ ಹೊಸಾದು?”
ಅತ್ತಿಗೆಯ ಬಾಯಲ್ಲಿ, “ಒಂದ್ ಹಡಿ, ತಾನ ಹೋಗ್ತದ.”
ಆಫೀಸಿನ ರಜೆಚೀಟಿಯಲ್ಲಿ ‘ಜ್ವರ’.
ರಾಸ್ತಾ ಪೇಟೆಯ ಡಾಕ್ಟರ್ ಬಾಯಿ ಕೊನೆಗೆ ಬರೆದುಕೊಟ್ಟರು:
ಎಂಡೋಮೆಟ್ರಿಯೋಸಿಸ್.
ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲೋ ಬೇರುಬಿಟ್ಟು
ಅಲ್ಲಿಯೂ ತಿಂಗಳು ತಪ್ಪದೆ ಹಬ್ಬ ಮಾಡುತ್ತದಂತೆ.
ಅವ್ವ ಫೋನಿನಲ್ಲಿ ಎರಡು ಸಲ ಹೇಳಲು ನೋಡಿ
“ಇಷ್ಟುದ್ದ ಹೆಸರಿದ್ರ ಖರೇನ ಇರಬೇಕು” ಎಂದಳು.

ಓಡಾಡುತ್ತಿರಿ, ಮೈ ಜಡವಾಗಬಾರದು ಎಂದಿದ್ದರು ಡಾಕ್ಟರ್ ಬಾಯಿ.
ಪಾರ್ಕಿನಲ್ಲಿ ಎರಡು ಸುತ್ತು ಎಂದು ಅವರ ಅರ್ಥ.
ನಾನು ಕುದುರೆ ಹತ್ತಿದೆ.

ಇಮರತಿಗೆ ಹದಿನೇಳು ವರ್ಷ.
ರೇಸಿನಲ್ಲಿ ಓಡಿ, ಒಮ್ಮೆಯೂ ಗೆಲ್ಲದೆ, ಇಲ್ಲಿಗೆ ಬಂದವಳು.
ಮಳೆ ಬರುವ ಹಿಂದಿನ ದಿನ ಮುಂಗಾಲು ಎಳೆಯುತ್ತಾಳೆ.
ಎದ್ದು ಕೂತು, ಎದ್ದು ಕೂತು
ಅವಳ ದುಡಕಿಗೆ ನನ್ನ ಲಯ ಕೂಡಿಸುವಾಗ
ಸೊಂಟದೊಳಗಿನ ಚಿಲಕ ಒಂದು ಹಲ್ಲು ಸಡಿಲುತ್ತದೆ.
ನೋವು ಹೋಗುತ್ತದೆ ಎಂದು ಹೇಳಲಾರೆ.
ಅಷ್ಟು ಹೊತ್ತು ಅದು ನನ್ನ ಹಿಂದೆ ಕೂತಿರುತ್ತದೆ,
ಲಗಾಮು ನನ್ನ ಕೈಲಿರುತ್ತದೆ.

ಡಿಸೆಂಬರಿನ ಒಂದು ರಾತ್ರಿ ಒಂಬತ್ತೂವರೆಗೆ ಫೋನು.
ಇಮರತಿ ಮೇವು ಮುಟ್ಟಿಲ್ಲ. ನೆಲ ಕೆರೆಯುತ್ತಾಳೆ.
ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಾಳೆ.

ಅರ್ಧ ಗಂಟೆಯೊಳಗೆ ಪಶುವೈದ್ಯ ಸ್ಕೂಟರಿನಲ್ಲಿ ಬಂದ,
ಸ್ವೆಟರಿನ ಮೇಲೊಂದು ಸ್ವೆಟರು ಹಾಕಿಕೊಂಡು.
ಹೊಟ್ಟೆಗೆ ಕಿವಿಯಿಟ್ಟ,
ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಕಣ್ಣು ಮುಚ್ಚಿ.
ಎಲ್ಲ ಹೆಣ್ಣು ಕುದುರೆಗೂ ಆಗುವುದೇ ಎನ್ನಲಿಲ್ಲ.
ಒಂದು ಮರಿ ಹಾಕಲಿ, ಸರಿಹೋಗುತ್ತದೆ ಎನ್ನಲಿಲ್ಲ.
ಯಾವಾಗಿನಿಂದ ಎಂದು ಕೇಳಿದ. ಬರೆದುಕೊಂಡ.
ನಾನು ಬಕೆಟ್ಟಿನ ಪಕ್ಕ ನಿಂತು
ಒಂದು ಕುದುರೆಯ ಮೇಲೆ ಹೊಟ್ಟೆಕಿಚ್ಚುಪಟ್ಟೆ.

ಸೂಜಿ ಚುಚ್ಚಿ ಹೇಳಿದ: ಬಿದ್ದು ಹೊರಳಲು ಬಿಡಬೇಡಿ. ನಡೆಸಿ.

ಅದು ನನ್ನ ಹಾಸಿಗೆಯ ದಿನ.
ಬಿಸಿನೀರಿನ ಚೀಲವನ್ನು ದುಪಟ್ಟಾದಿಂದ ಹೊಟ್ಟೆಗೆ ಬಿಗಿದುಕೊಂಡು
ಹಗ್ಗ ಹಿಡಿದೆ.
ಹುಣಸೆಮರದಿಂದ ನೀರಿನ ತೊಟ್ಟಿಗೆ,
ತೊಟ್ಟಿಯಿಂದ ಹುಣಸೆಮರಕ್ಕೆ.
ಅವಳು ನಿಂತಾಗ ನಾನು ನಿಂತೆ,
ನಾನು ಬಾಗಿದಾಗ ಅವಳು ಕಾದಳು.
ಮುಳಾ ನದಿಯ ಕಡೆಯಿಂದ ಥಂಡಿ ಗಾಳಿ,
ಹಳಿಯ ಮೇಲೆ ಮುಗಿಯದ ಗೂಡ್ಸು ಗಾಡಿ.
ಎರಡರ ಸುಮಾರಿಗೆ ಅವಳಿಗೆ ಏನೇನೋ ಹೇಳಿದೆ:
ಮಾರ್ಚಿನ ಆಪರೇಷನ್ನು, ಖರ್ಚು,
ಮಗು ಬೇಕೋ ಬೇಡವೋ
ನನಗೇ ಗೊತ್ತಿಲ್ಲದ್ದು.
ಅವಳಿಗೆ ಬರುವುದು ಮರಾಠಿ.
ಒಂದು ಕಿವಿಯನ್ನು ಮಾತ್ರ ಇತ್ತ ತಿರುಗಿಸಿದಳು.

ಐದೂಕಾಲಕ್ಕೆ ಬಾಲ ಎತ್ತಿದಳು.
ಮೂರು ಉಂಡೆ, ಹಬೆಯಾಡುವ ಲದ್ದಿ!
ಶಿಂತ್ರೆ ಟಾರ್ಚು ಕೈಬಿಟ್ಟು
ಮೊಮ್ಮಗ ಹುಟ್ಟಿದವನಂತೆ ಕೂಗಿದ,
ಮಲಗಿದ್ದ ವೈದ್ಯನನ್ನು ಎಬ್ಬಿಸಿ ಫೋನಿನಲ್ಲಿ ಎಣಿಸಿ ಹೇಳಿದ.

ಚಹಾ ಬಂತು.
ಚೀಲ ಯಾವಾಗಲೋ ತಣ್ಣಗಾಗಿತ್ತು.
ನನ್ನ ನೋವು ಇದ್ದಲ್ಲೇ ಇತ್ತು.
“ಇವತ್ತು ಮೇಲೋ, ಕೆಳಗೋ?” ಎಂದ ಶಿಂತ್ರೆ,
ಅಭ್ಯಾಸಬಲ, ತಾನೇ ನಕ್ಕ.
ಆಮೇಲೆ ದುಪಟ್ಟಾದ ಗಂಟು ನೋಡಿದ.
ಲೋಟ ಕೆಳಗಿಟ್ಟ.
“ಯಾವಾಗಿನಿಂದ?”

ಹುಲ್ಲಿನ ಪೆಂಡಿಯ ಮೇಲೆ ಕೂತು
ನಾನು ಎಂಟನೇ ಕ್ಲಾಸಿನಿಂದ ಶುರುಮಾಡಿದೆ.